ಹಾವಿಲ್ಲದ ಸೀಮೆ

ಹಾವನ್ನು ಕೊಲ್ಲದೆ, ಹಿಡಿಯದೆ, ಬರೀ ನೆಲವನ್ನು ನಡುಗಿಸಿ ಓಡಿಸಿಬಿಡುವುದಾದರೆ? ಪಂಪಾಪತಿಯ ತಲೆಗೆ ಈ ಯೋಚನೆ ಹೊಕ್ಕದ್ದು ತಾಯಿಯನ್ನು ಮಣ್ಣು ಮಾಡಿ ಬಂದ ಮರುದಿನ. ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಅವಳನ್ನು ಕೊಳಕುಮಂಡಲ ಕಚ್ಚಿತ್ತು. ಅವನು ಭೂಕಂಪ ಅಳೆಯುವ ಉಪಕರಣಗಳ ಎಂಜಿನಿಯರು. ನೆಲದ ಸಣ್ಣ ಅಲುಗಾಟವನ್ನೂ ಓದಬಲ್ಲವನು. ಓದಲು ಬಂದವನಿಗೆ ಬರೆಯಲು ಬರುವುದಿಲ್ಲವೇ ಅಂದುಕೊಂಡ.

ಹಾವಿಗೆ ಹೊರಗಿವಿಯಿಲ್ಲ. ದವಡೆಯನ್ನು ನೆಲಕ್ಕೆ ತಾಗಿಸಿ, ಮೂಳೆಯ ಮೂಲಕ ನೆಲದ ನಡುಕವನ್ನು ತಿಳಿಯುತ್ತದೆ. ಪಂಪಾಪತಿ ಮಾಡಿದ ಕಂಬ ಬಹುಪಾಲು ಮಣ್ಣಿನೊಳಗೇ ಹೂತಿರುತ್ತಿತ್ತು. ತಲೆಯ ಮೇಲಿನ ಸೌರಫಲಕದಿಂದ ವಿದ್ಯುತ್ತು ಪಡೆದು ಕೆಳಗಿನಿಂದ ನೆಲವನ್ನು ತಟ್ಟುತ್ತಿತ್ತು, ಭಾರಿ ಮೃಗಗಳ ಹಿಂಡೊಂದು ಹತ್ತಿರ ಬರುತ್ತಿರುವ ಹಾಗೆ. ಹಾವಿಗೆ ಅಭ್ಯಾಸವಾಗದಿರಲೆಂದು ತಟ್ಟುವ ಲಯ ಬದಲಾಗುತ್ತಲೇ ಇರುತ್ತಿತ್ತು. ಮನುಷ್ಯರ ಅಂಗಾಲಿಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ, ಭತ್ತದ ಸೀಮೆಯ ಉದ್ದಕ್ಕೂ ಕಂಬಗಳು ನಿಂತವು. ಅವನ್ನೆಲ್ಲ ನೋಡಿಕೊಳ್ಳಲು ಸಿಂಧನೂರಿನ ಹೊರಗೆ ‘ನಿರ್ಭಯ ಕೇಂದ್ರ’ ಎಂಬ ನಿಯಂತ್ರಣ ಕೊಠಡಿ ಎದ್ದಿತು. ಮೂರನೆಯ ವರ್ಷಕ್ಕೆ ಹಾವು ಕಚ್ಚಿ ಸತ್ತವರ ಸುದ್ದಿಯೇ ನಿಂತುಹೋಯಿತು. ಹೆಂಗಸರು ಹುಲ್ಲಿನ ಮೆದೆಗೆ ಅಂಜದೆ ಕೈ ಹಾಕತೊಡಗಿದರು. ಪಂಚಮಿಗೆ ಹುತ್ತಕ್ಕೆ ಹಾಲೆರೆಯಲು ಹೋದವರು, “ಒಳಗ ಯಾರೂ ಇಲ್ಲವ್ವಾ, ಯಾರಿಗೆ ಎರೀತೀರಿ?” ಎಂದು ಒಬ್ಬರನ್ನೊಬ್ಬರು ಚೇಷ್ಟೆ ಮಾಡಿದರು. ಪಂಪಾಪತಿ ಹೋದ ಊರಲ್ಲೆಲ್ಲ ಶಾಲು ಹೊದಿಸಿ ಕಳಿಸುತ್ತಿದ್ದರು.

ಆ ವರ್ಷವೇ ಅವನ ತಂಗಿ ನೀಲಾಂಬಿಕಾ ಕೇಂದ್ರದ ಕೆಲಸಕ್ಕೆ ಬಂದು ಅಣ್ಣನ ಮನೆಯಲ್ಲಿ ಉಳಿದಳು. ಅವಳದು ಗಣಿತ. ಕಾಡಿನಲ್ಲಿ, ಕೆರೆಯಲ್ಲಿ ಜೀವಿಗಳ ಸಂಖ್ಯೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಲೆಕ್ಕ ಹಾಕುವುದನ್ನು ಕಲಿತವಳು. ಒಂದು ಕಡೆ ಕುಳಿತು ಗೊತ್ತಿಲ್ಲದ ಜೀವ. ಯೋಚನೆ ಬಂದರೆ ಎದ್ದು ತಿರುಗಾಡುವವಳು.

ಕಂಬಗಳು ತಟ್ಟುವುದರ ನಡುನಡುವೆ ಸುಮ್ಮನಾಗಿ ನೆಲವನ್ನು ಆಲಿಸುತ್ತಿದ್ದವು. ಎಲ್ಲಿಯಾದರೂ ಹಾವು ಹರಿದರೆ ಕೇಂದ್ರದ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡಬೇಕು. ಚುಕ್ಕೆ ಕಾಣದೆ ಬಹಳ ಕಾಲವಾಗಿತ್ತು. ಉಳಿದ ಸದ್ದನ್ನೆಲ್ಲ ಯಂತ್ರ ಕಸವೆಂದು ಸೋಸಿ ಬಿಸಾಡುತ್ತಿತ್ತು. ಒಂದು ಮಧ್ಯಾಹ್ನ ನೀಲಾಂಬಿಕಾ ಆ ಸೋಸುವ ವ್ಯವಸ್ಥೆಯನ್ನು ನಿಲ್ಲಿಸಿ, ಕಸವನ್ನೇ ಕಿವಿಗೆ ಹಾಕಿಕೊಂಡು ಕೇಳಿದಳು.

ಕರಕರ, ಪರಪರ. ಕೆರೆಯುವ ಸದ್ದು, ಕಡಿಯುವ ಸದ್ದು, ಮಣ್ಣು ಹಿಂದಕ್ಕೆ ಒದೆಯುವ ಸದ್ದು. ಬೇರೆ ಕಂಬಕ್ಕೆ ಹೋದಳು, ಅಲ್ಲಿಯೂ ಅದೇ. ನೆಲದ ಕೆಳಗೆ ಇನ್ನೊಂದು ಸಂತೆ ನೆರೆದ ಹಾಗಿತ್ತು. ಎಲ್ಲ ಕಂಬಗಳ ಸದ್ದನ್ನು ಸೇರಿಸಿ, ಹೆಚ್ಚು ಸದ್ದಿದ್ದ ಕಡೆ ಗಾಢ ಬಣ್ಣ ಬರುವಂತೆ ನಕಾಶೆ ಮಾಡಿದಳು. ಬಣ್ಣ ಗದ್ದೆಗಳಲ್ಲಿ ಚದುರಿ, ಕಾಲುವೆಯ ಏರಿಯ ಉದ್ದಕ್ಕೂ ದಪ್ಪ ಗೆರೆಯಾಗಿ ಕೂತಿತು. ಅವಳು ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಬಂದಳು. ಸದ್ದು ಮಾತ್ರ ಕಿವಿಯಲ್ಲೇ ಉಳಿಯಿತು.

ಮನೆಯಲ್ಲಿ ಅತ್ತಿಗೆ ಸುವರ್ಣಾ ಅಕ್ಕಿಯ ಚೀಲವನ್ನು ಕಬ್ಬಿಣದ ಡಬ್ಬಿಗೆ ಸುರಿಯುತ್ತಿದ್ದಳು. ಚೀಲದ ಮೂಲೆ ಜಾಲರಿಯಾಗಿತ್ತು.

“ನೋಡ್ರಿ ನೀಲಾ, ಫ್ರಿಜ್ಜಿನ ವಾಯರ್ ಕಡದಾವ, ಕಾರಿಂದೂ ಕಡದಾವ. ನಿನ್ನೆ ನನ್ನ ಹೊಸ ಸೀರಿ. ನಿಮ್ಮಣ್ಣಾರು ಹಾವು ಓಡಿಸಿದ್ರು, ಈ ಹೆಗ್ಗಣ ಯಾರು ಓಡಸ್ಬೇಕು?”

ಊಟಕ್ಕೆ ಕೂತಾಗ ನೀಲಾಂಬಿಕಾ ಮಾತು ತೆಗೆದಳು. “ಅಣ್ಣಾ, ಕೆನಾಲ್ ಏರಿಯೊಳಗ ಹೆಗ್ಗಣ ಊರು ಕಟ್ಯಾವ.”

“ಔಷಧ ಇಡಸೂಣು,” ಅಂದ ಪಂಪಾಪತಿ, ರೊಟ್ಟಿ ಮುರಿಯುತ್ತ.

“ಔಷಧ ಎಷ್ಟ ದಿನ? ನೂರು ಸತ್ರ ಉಳದ ಹತ್ತಕ್ಕ ಕೂಳು ಜಾಸ್ತಿ, ಜಾಗ ಜಾಸ್ತಿ. ಮತ್ತ ನೂರಾಗತಾವ. ಮೊದಲು ಇಲಿ ಹೆಚ್ಚಾದ್ರ ತಿಂದು ಹಾವು ಹೆಚ್ಚಾಗ್ತಿದ್ವು. ಹಾವು ಹೆಚ್ಚಾದ್ರ ಇಲಿ ಕಡಿಮಿ ಆಗ್ತಿದ್ವು. ಇಲಿ ಕಡಿಮಿ ಆದ್ರ ಹಾವಿಗೆ ಕೂಳಿಲ್ಲ, ಅವೂ ಕಡಿಮಿ. ಒಂದನ್ನೊಂದು ಹಿಡಕೊಂಡಿದ್ವು ಅಣ್ಣಾ. ನಾವು ಒಂದು ಕೈ ಬಿಡಿಸಿಬಿಟ್ಟಿವಿ.”

“ನಾವಲ್ಲ. ನಾ ಬಿಡಿಸಿದೆ ಅನ್ನು.” ಪಂಪಾಪತಿ ತಟ್ಟೆಯನ್ನು ಸರಿಸಿದ. “ಅವ್ವನ ಕಾಲು ಹೆಂಗಾಗಿತ್ತು ನೀ ನೋಡಿಲ್ಲ ನೀಲಾ. ನೀ ಪರೀಕ್ಷೆ ಬರೀಲಿಕ್ಕೆ ಹೋಗಿದ್ದಿ.”

ಸುವರ್ಣಾ ಇಬ್ಬರಿಗೂ ಮಜ್ಜಿಗೆ ಹಾಕಿದಳು. ಯಾರೂ ಕುಡಿಯಲಿಲ್ಲ.

ಔಷಧ ಇಟ್ಟರು. ಇಲಿ, ಹೆಗ್ಗಣಗಳು ರಾಶಿರಾಶಿಯಾಗಿ ಸತ್ತು ಗದ್ದೆಗಳು ನಾರಿದವು. ಅವನ್ನು ತಿಂದ ಗೂಬೆಗಳು ಬೇವಿನ ಮರಗಳ ಕೆಳಗೆ ಬಿದ್ದವು. ಮುಂಗುಸಿಗಳು ಬದುವಿನ ಮೇಲೆ ಕಾಲು ಚಾಚಿ ಸತ್ತವು. ಪರದೆಯ ಮೇಲೆ ಬಣ್ಣ ತಿಳಿಯಾಯಿತು. ಮುಂದಿನ ಬೆಳೆ ತೆನೆಗಟ್ಟುವ ಹೊತ್ತಿಗೆ ಬಣ್ಣ ಮತ್ತೆ ಏರಿತ್ತು, ಮೊದಲಿಗಿಂತ ಗಾಢವಾಗಿ. ಈಗ ಹಿಡಿದು ತಿನ್ನಲು ಗೂಬೆಯೂ ಇರಲಿಲ್ಲ.

ನೀಲಾಂಬಿಕಾಗೆ ಕೊಠಡಿಯಲ್ಲಿ ಕೂರಲಾಗಲಿಲ್ಲ. ಏರಿಯ ಮೇಲೆ ನಡೆಯತೊಡಗಿದಳು. ಕೆಂಚನಮಟ್ಟಿ ಎಂಬ ಊರಿನ ಬಳಿ ಬಣ್ಣ ಎಲ್ಲಕ್ಕಿಂತ ದಟ್ಟವಾಗಿತ್ತು. ಅಲ್ಲಿ ಏರಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದ ಹೆಂಗಸರ ಗುಂಪೊಂದು ಅವಳನ್ನು ಕರೆಯಿತು. ಗುಂಪಿನ ಮುಂದಾಳು ಹುಲಿಗೆಮ್ಮ ಎಂಬವಳು. ನಾಟಿಗೂ ಕಳೆಗೂ ಊರಿನ ಹೆಂಗಸರನ್ನು ಕಟ್ಟಿಕೊಂಡು ಹೋಗುವವಳು, ಗಟ್ಟಿ ದನಿಯವಳು.

“ಮೇಡಮ್ಮರ, ದಿನಾ ಏರಿ ಮ್ಯಾಲೆ ಏನು ಹುಡುಕತೀರಿ? ಬಂಗಾರ ಕಳಕೊಂಡೀರೇನು?”

ನೀಲಾಂಬಿಕಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಏರಿ ಒಳಗಿನಿಂದ ಟೊಳ್ಳಾಗುತ್ತಿದೆ. ನೀರಾವರಿ ಇಲಾಖೆಯ ಮೇಲಿನವರಿಗೆ ತಿಳಿಸಿದ್ದೇನೆ, ನೀರು ನಿಲ್ಲಿಸಿದರೆ ಬೆಳೆ ಹೋಗುತ್ತದೆ, ಕೊಯ್ಲು ಮುಗಿಯಲಿ ಅಂದಿದ್ದಾರೆ. ಹೆಂಗಸರು ಊಟ ನಿಲ್ಲಿಸಿ ಏರಿಯ ಕಡೆ ತಿರುಗಿ ನೋಡಿದರು.

“ಹಂಗಾದ್ರ ನನ್ನ ನಂಬರ್ ಬರಕೊರಿ,” ಅಂದಳು ಹುಲಿಗೆಮ್ಮ. “ಏನಾದ್ರೂ ತಿಳದ್ರ ಮೊದಲು ನನಗ ಹೇಳ್ರಿ. ನಾವು ಇದರ ಬುಡದಾಗ ಬಗ್ಗಿ ದುಡಿಯೋರು.”

ಕೆಲವು ವಾರಗಳ ಮೇಲೆ, ನಡುಹಗಲಲ್ಲಿ ನೀಲಾಂಬಿಕಾ ಕೆಂಚನಮಟ್ಟಿಯ ಕಂಬವನ್ನು ಕೇಳುತ್ತಿದ್ದಾಗ ಕರಕರ ಸದ್ದು ಒಮ್ಮೆಲೇ ನಿಂತಿತು. ಯಂತ್ರ ಕೆಟ್ಟಿರಬೇಕೆಂದುಕೊಂಡಳು. ಆಮೇಲೆ ಓಟದ ಸದ್ದು ಕೇಳಿಸಿತು, ಸಾವಿರ ಸಣ್ಣ ಕಾಲುಗಳು ಒಂದೇ ದಿಕ್ಕಿಗೆ ಓಡುವ ಸದ್ದು. ಅದರ ಹಿಂದೆ ಇನ್ನೊಂದು, ಗುಳುಗುಳು ಎನ್ನುವುದು. ಮಣ್ಣಿನೊಳಗೆ ನೀರು ಹೊಕ್ಕಿತ್ತು.

ಹುಲಿಗೆಮ್ಮನ ನಂಬರ್ ಒತ್ತಿದಳು. “ಹುಲಿಗೆಮ್ಮಕ್ಕಾ, ಎಲ್ಲಾರ್ನೂ ಕರಕೊಂಡು ದಿಬ್ಬ ಹತ್ತು! ಬುಟ್ಟಿ ಗಿಟ್ಟಿ ಬಿಟ್ಟು ಓಡು!”

ಹುಲಿಗೆಮ್ಮ ಏನೆಂದು ಕೇಳಲಿಲ್ಲ. ಫೋನಿನಲ್ಲಿ ಅವಳು ಬೊಬ್ಬೆ ಹೊಡೆದದ್ದು, ಹೆಂಗಸರು ಕೆಸರಿನಲ್ಲಿ ಓಡಿದ್ದು ಕೇಳಿಸಿತು. ಅವರು ದಿಬ್ಬ ಹತ್ತಿ ತಿರುಗಿ ನೋಡುವಷ್ಟರಲ್ಲಿ ಏರಿ ಬಾಯ್ತೆರೆದು, ಅವರು ನಿಂತಿದ್ದ ಗದ್ದೆಯ ಮೇಲೆ ಆಳೆತ್ತರದ ನೀರು ಹಾಯಿತು.

ಜೀವಗಳು ಉಳಿದವು. ಬೆಳೆ ಉಳಿಯಲಿಲ್ಲ. ನೀರಿಳಿದ ಮೇಲೆ ಊರಿಗೆ ಊರೇ ಇಲಿಜ್ವರದಲ್ಲಿ ಮಲಗಿತು. ಸಿಂಧನೂರಿನ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ವರಾಂಡದಲ್ಲಿ ಚಾಪೆ ಹಾಸಿದರು. ಇಬ್ಬರು ಮುದುಕರು ಮನೆಗೆ ತಿರುಗಿ ಬರಲಿಲ್ಲ.

ಪಂಪಾಪತಿ ಒಡೆದ ಏರಿಯನ್ನು ನೋಡಲು ಹೋದ. ಅವನದೇ ಒಂದು ಕಂಬ ಬುಡಸಮೇತ ಕಿತ್ತು ಕೆಸರಿನಲ್ಲಿ ಅಡ್ಡ ಬಿದ್ದಿತ್ತು, ಇನ್ನೂ ತಟ್ಟುತ್ತಲೇ ಇತ್ತು. ಅವನು ಚಪ್ಪಲಿ ಬಿಟ್ಟು ಇಳಿದು, ಕೆಸರಿಗೆ ಕೈ ಹಾಕಿ ಅದರ ತಂತಿ ಎಳೆದ. ಮನೆಗೆ ಬಂದವನು ತಂಗಿಗೆ ಹೇಳಿದ್ದು ಎರಡೇ ಮಾತು: “ಒಂದು ಊರಾಗ ಕಂಬ ಆರಸೂಣು. ಊರಿನವರು ಒಪ್ಪಿದರ ಮಾತ್ರ.”

ಕೆಂಚನಮಟ್ಟಿಯ ಹನುಮಪ್ಪನ ಗುಡಿಕಟ್ಟೆಯಲ್ಲಿ ಜನ ಸೇರಿದರು. ಪಂಪಾಪತಿ ಹಿಂದೆ ಗುಡಿಯ ಕಂಬಕ್ಕೊರಗಿ ಕೂತ. ನೀಲಾಂಬಿಕಾಗೆ ಒಂದು ಕಡೆ ನಿಲ್ಲಲಾಗದೆ, ಅತ್ತಿಂದಿತ್ತ ನಡೆಯುತ್ತಲೇ ಮಾತಾಡಿದಳು.

“ಕಂಬ ಆರಿಸಿದ್ರ ಗುಡ್ಡದ ಕಡಿಂದ ಹಾವು ಬರತಾವ. ಈಗ ಇಲ್ಲಿ ಇಲಿ ಬಾಳ ಅದಾವ. ಕೂಳು ಬಾಳ ಇದ್ದಲ್ಲಿ ಹಾಕಿದ ಮರಿ ಎಲ್ಲಾ ಬದುಕತಾವ. ಅದಕ್ಕ ಮೊದಲ ಒಂದೆರಡು ವರ್ಷ ಹಾವು ಹಿಂದಿನಕಿಂತ ಹೆಚ್ಚಾಗತಾವ. ಇಲಿ ಇಳಿದ ಮ್ಯಾಲೆ ಹಾವೂ ಇಳೀತಾವ. ಸುಳ್ಳು ಹೇಳಂಗಿಲ್ಲ ನಾನು, ನಡುವಿನ ಆ ಕಾಲ ಕೆಟ್ಟದ್ದು.”

“ಅದನ್ನ ತಪ್ಪಸಾಕ ಬರಂಗಿಲ್ಲೇನು?” ಅಂತ ಯಾರೋ ಕೇಳಿದರು.

“ಕಡಿಮಿ ಮಾಡಬಹುದು. ಹಾವು ಬರೂಕಿಂತ ಮೊದಲ ಇಲಿ ಇಳಿಸಬೇಕು. ಔಷಧದಿಂದ ಅಲ್ಲ, ಔಷಧ ತಿಂದ ಇಲಿ ತಿಂದು ಹಾವೂ ಸಾಯತಾವ. ಬೋನು ಇಡಬೇಕು. ಪ್ರತಿ ಬದುವಿಗೆ, ಪ್ರತಿ ಮನಿಯವರು.”

ಹುಲಿಗೆಮ್ಮ ಎದ್ದು ನಿಂತಳು. ಅವಳ ಗಂಡ ಮರಿಯಪ್ಪ, ಕಾಲುವೆಯ ತೂಬು ನೋಡಿಕೊಳ್ಳುವ ಸಾಧು ಮನುಷ್ಯ, ಪಕ್ಕದಲ್ಲೇ ಕೂತಿದ್ದ.

“ಯಾರನ್ನ ಕಚ್ಚತಾವು?” ಅಂತ ಕೇಳಿದಳು.

ನೀಲಾಂಬಿಕಾ ಮೊದಲ ಸಲ ನಡಿಗೆ ನಿಲ್ಲಿಸಿದಳು. “ಅದು ನನ್ನ ಲೆಕ್ಕದಾಗ ಬರಂಗಿಲ್ಲಕ್ಕಾ. ಎಷ್ಟು ಮಂದಿ ಅಂತ ಬರತೈತಿ. ಯಾರು ಅಂತ ಬರಂಗಿಲ್ಲ.”

ಹುಲಿಗೆಮ್ಮ ಗಂಡನ ಕಡೆ ಒಮ್ಮೆ ನೋಡಿದಳು. “ನಾವು ಹನ್ನೆರಡು ಮಂದಿ ಹೆಂಗಸರು ಈಕಿ ಮಾತು ಕೇಳಿ ದಿಬ್ಬ ಹತ್ತಿ ಉಳಕೊಂಡಿವಿ,” ಅಂದಳು ಊರಿನವರ ಕಡೆ ತಿರುಗಿ. “ಇದನ್ನೂ ಕೇಳೂಣು.” ಮರಿಯಪ್ಪ ತಲೆಯಾಡಿಸಿದ. ಊರು ಒಪ್ಪಿತು.

ಬೇಸಿಗೆಯೆಲ್ಲ ಬೋನು ಹಾಕಿದರು. ಕೇಂದ್ರದ ಖರೀದಿ ಪಟ್ಟಿಗೆ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಸೇರಿಸಿ, ಊರಿನ ಆರೋಗ್ಯ ಉಪಕೇಂದ್ರದಲ್ಲಿಯೇ ಇರುವಂತೆ ನೀಲಾಂಬಿಕಾ ಜಗಳ ಮಾಡಿ ತರಿಸಿದಳು. ಮಳೆಗೆ ಮುಂಚೆ ಪಂಪಾಪತಿ ಕೊಠಡಿಯಲ್ಲಿ ಕೂತು ಕೆಂಚನಮಟ್ಟಿಯ ಕಂಬಗಳನ್ನು ಒಂದೊಂದಾಗಿ ನಿಲ್ಲಿಸಿದ. ಆಲಿಸುವುದು ಮಾತ್ರ ಉಳಿಯಿತು.

ಮೊದಲ ಕೆಂಪು ಚುಕ್ಕೆ ಗುಡ್ಡದ ಕಡೆಯಿಂದ ಬಂತು. ಆಮೇಲೆ ಎರಡು, ಆಮೇಲೆ ಎಣಿಸುವುದು ಕಷ್ಟವಾಯಿತು. ಚುಕ್ಕೆ ಮೂಡಿದಾಗಲೆಲ್ಲ ನೀಲಾಂಬಿಕಾ ಕುರ್ಚಿ ಬಿಟ್ಟು ಏಳುತ್ತಿದ್ದಳು. ಅದು ಕೇರೆ ಹಾವೋ, ನಾಗರವೋ, ಕೊಳಕುಮಂಡಲವೋ ಪರದೆ ಹೇಳುತ್ತಿರಲಿಲ್ಲ. ಕಡೆಗೆ ಸಿಂಧನೂರು ಬಿಟ್ಟು ಕೆಂಚನಮಟ್ಟಿಯಲ್ಲೇ ಒಂದು ಕೋಣೆ ಹಿಡಿದಳು. ಸುವರ್ಣಾ ಗಂಬೂಟು ಕೊಡಿಸಿ ಕಳಿಸಿದಳು. “ನಿಮಗೇನಾದ್ರೂ ಆದ್ರ ಇವರು ಬದುಕಂಗಿಲ್ಲ,” ಅಂದಳು, ಗಂಡ ಕೇಳಿಸಿಕೊಳ್ಳದಂತೆ.

ಆ ಬೆಳೆಯಲ್ಲಿ ಇಲಿಗಳ ಸದ್ದು ಇಳಿಯಿತು. ಊರಿನಲ್ಲಿ ನಾಲ್ಕೈದು ಮಂದಿಗೆ ಹಾವು ಕಚ್ಚಿತು. ಇಂಜೆಕ್ಷನ್ ಹತ್ತಿರವಿದ್ದುದರಿಂದ ಎಲ್ಲರೂ ಉಳಿದರು. ಲೆಕ್ಕ ಹಾಕಿದ್ದಕ್ಕಿಂತ ಕಡಿಮೆಯೇ. ನೀಲಾಂಬಿಕಾ ಉಸಿರು ಬಿಡುವ ಧೈರ್ಯ ಮಾಡಿದಳು.

ಎರಡನೆಯ ಬೆಳೆಗೆ ಮರಿಯಪ್ಪ ಹೋದ.

ತೂಬು ಎತ್ತಲು ಒಬ್ಬನೇ ಕಾಲುವೆಯ ದೂರದ ತುದಿಗೆ ಹೋಗಿದ್ದ. ಚಕ್ರದ ಬುಡದಲ್ಲಿ ಸುತ್ತಿಕೊಂಡಿದ್ದ ಕೊಳಕುಮಂಡಲ ಅಂಗೈಗೆ ಕಚ್ಚಿತು. ಫೋನು ಮನೆಯಲ್ಲಿತ್ತು. ಊರ ಕಡೆ ಓಡುತ್ತ ಬಂದ. ಓಡಿದಷ್ಟೂ ವಿಷ ಏರಿತು. ಬದುವಿನ ಮೇಲೆ ಬಿದ್ದವನನ್ನು ಕಂಡವರು ಹೊತ್ತು ತಂದು ಇಂಜೆಕ್ಷನ್ ಕೊಡಿಸಿ, ಸಿಂಧನೂರಿಗೆ ಸಾಗಿಸಿದರು. ಅಲ್ಲಿ ಮೂತ್ರಪಿಂಡ ಕೈಬಿಟ್ಟಿತು.

ಮಣ್ಣಿಗೆ ಊರೇ ಬಂದಿತ್ತು. ನೀಲಾಂಬಿಕಾ ಹಿಂದೆ ನಿಂತಿದ್ದಳು. ಮರುದಿನ ಅಣ್ಣ ಬಂದ. ಇದು ನಿನ್ನ ಲೆಕ್ಕದ ಫಲವೆಂದು ಈಗ ಅವನು ಹೇಳುತ್ತಾನೆ, ಹೇಳಲಿ ಎಂದು ಅವಳು ಕಾದಳು. ಪಂಪಾಪತಿ ಹೇಳಿದ್ದು: “ನಡಿ, ಆಕಿ ಮನಿಗೆ ಹೋಗೂಣು. ಅವ್ವ ಸತ್ತಾಗ ಯಾರೂ ಬಂದು ಎದುರಿಗೆ ಕೂಡಲಿಲ್ಲ ಅಂತ ನಾ ಬಾಳ ದಿನ ನೊಂದಕೊಂಡಿದ್ದೆ.”

ಹುಲಿಗೆಮ್ಮ ಗೋಡೆಗೊರಗಿ ಕೂತಿದ್ದಳು. ಇಬ್ಬರೂ ಎದುರಿಗೆ ನೆಲದ ಮೇಲೆ ಕೂತರು. ಯಾರೋ ಚಹಾ ತಂದಿಟ್ಟರು. ಅದು ಆರಿತು.

“ನಿನ್ನ ಲೆಕ್ಕದಾಗ ಇವರೂ ಇದ್ರೇನವ್ವಾ?” ಅಂದಳು ಹುಲಿಗೆಮ್ಮ. ಮೇಡಮ್ಮರು ಎನ್ನುವುದನ್ನು ಅವಳು ಬಿಟ್ಟಿದ್ದಳು.

“ಒಬ್ಬರು ಇರತಾರ ಅಂತ ಇತ್ತಕ್ಕಾ.” ನೀಲಾಂಬಿಕಾ ಅಳಬಾರದೆಂದು ಬಂದವಳು ಅತ್ತಳು. “ಕಂಬ ಮತ್ತ ಚಾಲೂ ಮಾಡೂಣು. ನೀ ಅಂದ್ರ ಇವತ್ತ ಚಾಲೂ ಮಾಡತೀವಿ.”

ಹುಲಿಗೆಮ್ಮ ಪಂಪಾಪತಿಯ ಕಡೆ ನೋಡಿದಳು, ಮತ್ತೆ ಇವಳ ಕಡೆ. “ನಿನ್ನ ಮ್ಯಾಲ ಸಿಟ್ಟೈತಿ. ಹೋಗಂಗಿಲ್ಲ ಅದು. ನಾ ಸಾಯೂತನಕ ಇರತೈತಿ. ಆದ್ರ ಕಂಬ ಚಾಲೂ ಮಾಡಬ್ಯಾಡ. ಚಾಲೂ ಮಾಡಿದ್ರ ಏರಿ ಮತ್ತ ಒಡೀತೈತಿ, ಆಗ ಸಾಯೋರೂ ನಮ್ಮೋರ. ನೀ ಮತ್ತ ಆ ಗುಡಿಕಟ್ಟಿಗೆ ಬಂದು ಕಂಬ ಆರಸೂಣೇನು ಅಂತ ಕೇಳತಿ. ಎರಡನೇ ಸಲ ಹೂಂ ಅನ್ನಾಕ ನನ್ನ ಕಡಿ ಇನ್ನೊಬ್ಬ ಗಂಡ ಇಲ್ಲ.”

ಪಂಪಾಪತಿ ಆ ವಾರವೇ ಕೇಂದ್ರದ ಶೆಡ್ಡಿನಲ್ಲಿ ಕಂಬವೊಂದನ್ನು ಬಿಚ್ಚಿ ಹಾಕಿಕೊಂಡು ಕೂತ. ಇಷ್ಟು ವರ್ಷ ಅದು ಎಷ್ಟು ದೂರ ಮುಟ್ಟುತ್ತದೆ ಎಂದು ಹೆಮ್ಮೆಪಟ್ಟವನಿಗೆ ಈಗ ಹತ್ತಿರದಲ್ಲೇ ನಿಲ್ಲುವ ಪೆಟ್ಟು ಬೇಕಿತ್ತು. ಮನೆಯ ಅಂಗಳ, ತೂಬಿನ ಸುತ್ತಲಿನ ನಾಲ್ಕು ಮಾರು ನೆಲ, ಉಪಕೇಂದ್ರಕ್ಕೆ ಹೋಗುವ ದಾರಿ: ಅಷ್ಟು ಮಾತ್ರ ನಡುಗಬೇಕು, ಆಚೆಯ ಗದ್ದೆ ಹಾವಿನದಾಗಿರಬೇಕು. ನೆಲ ಸದ್ದನ್ನು ಸುಲಭವಾಗಿ ನಿಲ್ಲಗೊಡುವುದಿಲ್ಲ. ಕಪ್ಪು ಮಣ್ಣಿನಲ್ಲಿ ಒಂದು ರೀತಿ, ಒದ್ದೆಯಾದರೆ ಇನ್ನೊಂದು ರೀತಿ. ಎಷ್ಟೋ ಸಲ ಮಾಡಿ ಕೆಡಿಸಿದ. ಕಡೆಗೊಮ್ಮೆ ಮೊಣಕಾಲುದ್ದದ ಗೂಟವೊಂದು ತಯಾರಾಯಿತು. ಮೊದಲನೆಯದನ್ನು ಅವನೇ ಮರಿಯಪ್ಪನ ತೂಬಿನ ಬುಡದಲ್ಲಿ ಹೂತ.

ಹಾವು ಬಾರದ ಮನೆಗಳಿಗೆ ಇಲಿಗಳು ಓಡಿ ಬಂದವು. ಅದನ್ನು ನೀಲಾಂಬಿಕಾ ಮೊದಲೇ ಹೇಳಿದ್ದಳು. ಮನೆಮನೆಗೂ ಬೆಕ್ಕುಗಳು ಬಂದವು. ಸುವರ್ಣಾ ಎರಡು ಸಾಕಿ, ಹಾಲಿನ ಪಾತ್ರೆ ಅವಕ್ಕೂ ಎಟುಕದಂತೆ ಇಡುವ ಹೊಸ ಕಷ್ಟ ತಂದುಕೊಂಡಳು. ಅಕ್ಕಪಕ್ಕದ ಊರುಗಳೂ ಒಂದೊಂದಾಗಿ ಗೂಟಗಳನ್ನು ಕೇಳಿ, ದೊಡ್ಡ ಕಂಬಗಳ ತಟ್ಟುವಿಕೆಯನ್ನು ನಿಲ್ಲಿಸಿದವು. ಪ್ರತಿ ಊರಿನ ಕಟ್ಟೆಯಲ್ಲಿಯೂ ನೀಲಾಂಬಿಕಾ ಎಷ್ಟು ಎಂದು ಹೇಳಿದಳು, ಯಾರು ಎಂದು ಹೇಳಲಾಗುವುದಿಲ್ಲ ಎಂದೂ ಹೇಳಿದಳು. ಕಂಬಗಳ ಸದ್ದು ನಿಂತ ಮೂರನೆಯ ವರ್ಷದ ಕೊನೆಗೆ ಪರದೆಯ ಮೇಲೆ ಇಲಿಗಳ ಬಣ್ಣ ತೆಳುವಾಗಿ ನಿಂತಿತು. ಕೆಂಪು ಚುಕ್ಕೆಗಳು ಇಳಿಯತೊಡಗಿದವು. ಏರಿಯ ಮಣ್ಣು ಗಟ್ಟಿಯಾಯಿತು. ಒಬ್ಬಿಬ್ಬರಿಗೆ ಹಾವು ಕಚ್ಚುತ್ತಲೇ ಇತ್ತು, ಕಂಬ ಬರುವ ಮುಂಚೆ ಕಚ್ಚುತ್ತಿದ್ದುದಕ್ಕಿಂತ ಬಹಳ ಕಡಿಮೆ. ಅವಳಿಗೆ ನೆಮ್ಮದಿ ಬರಲಿಲ್ಲ. ಫೋನು ಸದ್ದು ಮಾಡಿದರೆ ಈಗಲೂ ಎದ್ದು ನಿಲ್ಲುತ್ತಾಳೆ.

ಆ ಮಳೆಗಾಲದ ನಾಟಿಗೆ ಅವಳು ಕೆಂಚನಮಟ್ಟಿಗೆ ಹೋದಳು. ಹುಲಿಗೆಮ್ಮನ ಗುಂಪು ಗಂಬೂಟು ತೊಟ್ಟು ಸಾಲಾಗಿ ಬಗ್ಗಿ ಸಸಿ ಊರುತ್ತಿತ್ತು. ಹುಲಿಗೆಮ್ಮ ಇವಳನ್ನು ನೋಡಿ, ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನೀಲಾಂಬಿಕಾ ಸಸಿಯ ಕಟ್ಟುಗಳನ್ನು ಎತ್ತಿ ಕೊಡುತ್ತ ನಿಂತಳು.

ಬದುವಿನ ಹುಲ್ಲು ಅಲುಗಿತು. ಉದ್ದನೆಯ ಹಾವೊಂದು, ಬಾಯಲ್ಲಿ ದಪ್ಪ ಹೆಗ್ಗಣವನ್ನು ಕಚ್ಚಿಕೊಂಡು ನೀರಿಗಿಳಿದು, ಹೆಂಗಸರ ಸಾಲಿನ ಎದುರಿಗೇ ಅಡ್ಡ ಹಾಯತೊಡಗಿತು. ಕೇರೆ ಹಾವು, ವಿಷವಿಲ್ಲದ್ದು. ಆದರೂ ಎಲ್ಲರೂ ಇದ್ದಲ್ಲೇ ನೆಟ್ಟಗೆ ನಿಂತರು. ಹುಲಿಗೆಮ್ಮ ಕೈಯಲ್ಲಿದ್ದ ಸಸಿಗಳನ್ನು ಎದೆಗವಚಿಕೊಂಡಳು. ಪಕ್ಕದವಳು ಮೆಲ್ಲಗೆ ಕೋಲಿಗೆ ಕೈ ಚಾಚಿದಳು. ಹುಲಿಗೆಮ್ಮ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

ಹಾವು ಅವಸರವಿಲ್ಲದೆ ಆಚೆ ಬದು ಹತ್ತಿ, ಹುಲ್ಲಿನೊಳಗೆ ಬಾಲವನ್ನೂ ಎಳೆದುಕೊಂಡಿತು. ಹುಲಿಗೆಮ್ಮ ಕೆಸರಿಗೆ ಥೂ ಎಂದು ಉಗುಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಂತು ಏನು ನೋಡತೀರಿ, ಹೊತ್ತೇರಾಕತ್ತೈತಿ,” ಎಂದು ಗುಂಪಿನ ಮೇಲೆ ರೇಗಿದಳು. ಆಮೇಲೆ ತಿರುಗಿ ನೋಡದೆಯೇ ನೀಲಾಂಬಿಕಾ ಕಡೆ ಕೈ ಚಾಚಿದಳು. “ಕಟ್ಟು ಕೊಡು.”

ನೀಲಾಂಬಿಕಾ ಕೊಟ್ಟಳು.